ಮ್ಯೂಆನ್ ಖಾತಾದಾಗ ರಸೀದಿ ಇಲ್ಲದ ಒಂದು ಎಲೆಕ್ಟ್ರಾನ್

ನಮ್ಮ ಕಾಕಾ ಕಲಬುರಗಿ ಗಂಜ್‌ದಾಗ ಒಂದು ಅಡತಿ ಅಂಗಡಿಯೊಳಗ ಲೆಕ್ಕ ಬರೀತಾರ. ಮೂವತ್ತು ವರ್ಷ ತೊಗರಿ ಚೀಲ ಎಣಿಸಿದ ಮನಷ್ಯಾ. ನಾ ಊರಿಗೆ ಬಂದಾಗೊಮ್ಮೆ "ಏನವ್ವಾ, ಈಗ ಏನು ಓದ್ಲಿಕತ್ತಿ" ಅಂತ ಕೇಳ್ತಾರ, ಸುಮ್ ಏನೋ ಒಂದು ಹೇಳಿ ಜಾರ್ಕೊಳ್ಳೋಣಂದ್ರ ಬಿಡಂಗಿಲ್ಲ, ಪೂರಾ ತಿಳಿಯೋ ತನಕ ಕುಂದ್ರಸ್ತಾರ. ಈ ಸಲ ನಾ ಓದ್ಲಿಕತ್ತಿದ್ದು ಮ್ಯೂಆನ್ ಅನ್ನೋ ಕಣ ನ್ಯೂಕ್ಲಿಯಸ್ ಬಾಜೂಕ ಕುಂತು ಎಲೆಕ್ಟ್ರಾನ್ ಆಗಿ ಬದಲಾಗ್ತದೋ ಇಲ್ಲೋ ಅನ್ನೋ ವಿಷಯ. ಕಾಕಾಗ ಹೇಳಿ ಮುಗಸೋದ್ರಾಗ ರಾತ್ರಿ ಹನ್ನೊಂದಾಯ್ತು, ಮಾಳಗಿ ಮ್ಯಾಲ ಹಾಸಿದ ಹಾಸಿಗಿ ಹಂಗೇ ಉಳೀತು. ಅವತ್ತು ಹೇಳಿದ್ದನ್ನ, ಅವರು ನಡುವ ಹಿಡಿದು ಕೇಳಿದ ಪ್ರಶ್ನೆ ಸಮೇತ, ಇಲ್ಲಿ ಬರೀಲಿಕತ್ತೀನಿ.

ಮೊದಲ ಮ್ಯೂಆನ್ ಅಂದ್ರ ಯಾರು ಅಂತ. ಎಲೆಕ್ಟ್ರಾನ್ ಗೊತ್ತದಲ್ಲ, ಕರೆಂಟಿನ ಕಣ. ಮ್ಯೂಆನ್ ಅಂದ್ರ ಅದರ ದಪ್ಪ ಅಣ್ಣ ಅನ್ಕೋರಿ. ಚಾರ್ಜ್ ಅದೇ, ನಡವಳಿಕಿ ಅದೇ, ತೂಕ ಮಾತ್ರ 207 ಪಟ್ಟು ಜಾಸ್ತಿ. 1936ರಾಗ ಕಾರ್ಲ್ ಆಂಡರ್ಸನ್ ಮತ್ತ ಸೆತ್ ನೆಡರ್ಮೇಯರ್ ಅನ್ನೋರು ಆಕಾಶದಿಂದ ಬೀಳೋ ಕಾಸ್ಮಿಕ್ ಕಿರಣದಾಗ ಇದನ್ನ ಹಿಡಿದ್ರು. ಇದು ಯಾಕ ಅದ ಅಂತ ಯಾರಿಗೂ ತಿಳೀಲಿಲ್ಲ, ಐ.ಐ. ರಾಬಿ ಅನ್ನೋ ವಿಜ್ಞಾನಿ "ಇದನ್ನ ಆರ್ಡರ್ ಮಾಡಿದವ್ರು ಯಾರು" ಅಂತ ಕೇಳಿದ್ರಂತ, ಖಾನಾವಳಿಯಾಗ ನಾವು ಹೇಳದ ಪಲ್ಯಾ ತಾಟಿಗೆ ಬಂದು ಬಿದ್ದಂಗ. ಆಮ್ಯಾಲ 1975ರ ಸುಮಾರಿಗೆ ಮಾರ್ಟಿನ್ ಪರ್ಲ್ ಅವರ ತಂಡಕ್ಕ ಟೌ ಅಂತ ಇನ್ನೂ ದಪ್ಪನ ಮೂರನೇದು ಸಿಕ್ತು. ಈ ಮೂರಕ್ಕೂ ಒಂದೊಂದು ನ್ಯೂಟ್ರಿನೋ, ಅಂದ್ರ ಚಾರ್ಜ್ ಇಲ್ಲದ ಭಾಳ ಹಗೂರ ಕಣ, ಜೋಡಿ ಅದ. ಒಟ್ಟು ಆರು, ಇವಕ್ಕ ಲೆಪ್ಟಾನ್ ಅಂತಾರ. ಎಲೆಕ್ಟ್ರಾನ್ ನಮೂನಿ, ಮ್ಯೂಆನ್ ನಮೂನಿ, ಟೌ ನಮೂನಿ ಅಂತ ಹೇಳೋದಕ್ಕ ಫ್ಲೇವರ್ ಅನ್ನೋ ಶಬ್ದ. ಇದು ಪ್ರೋಟಾನ್ ನ್ಯೂಟ್ರಾನ್ ಒಳಗಿರೋ ಕ್ವಾರ್ಕ್ ಕಣದ ಸಲುವಾಗಿ ಮರ್ರೆ ಗೆಲ್‌ಮಾನ್ ಮತ್ತ ಹೆರಾಲ್ಡ್ ಫ್ರಿಟ್ಶ್ ಐಸ್‌ಕ್ರೀಮ್ ಅಂಗಡಿ ಬೋರ್ಡ್ ನೋಡಿ ಇಟ್ಟ ಹೆಸರು, ಅದನ್ನ ಲೆಪ್ಟಾನಿಗೂ ಹಚ್ಚಿದ್ರು. ರುಚಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಅದನ್ನ ಕಾಕಾಗ ಎರಡು ಸಲ ಹೇಳಬೇಕಾಯ್ತು.

ಈಗ ಖಾತಾದ ಮಾತು. ಮ್ಯೂಆನ್ ಭಾಳ ಹೊತ್ತು ಬದುಕಂಗಿಲ್ಲ, ಸರಾಸರಿ 2.2 ಮೈಕ್ರೋಸೆಕೆಂಡಿಗೆ ಒಡೀತದ. ಒಡೆದ್ರ ಒಂದು ಎಲೆಕ್ಟ್ರಾನ್, ಒಂದು ಮ್ಯೂಆನ್ ನ್ಯೂಟ್ರಿನೋ, ಒಂದು ಎಲೆಕ್ಟ್ರಾನ್ ಆಂಟಿನ್ಯೂಟ್ರಿನೋ (ನ್ಯೂಟ್ರಿನೋದ ಉಲ್ಟಾ ಕಣ, ಖಾತಾದಾಗ ಮೈನಸ್ ಒಂದು), ಹಿಂಗ ಮೂರು ಬರ್ತಾವ. ಕಾಕಾನ ವಹಿಯೊಳಗ ಒಬ್ಬೊಬ್ಬ ರೈತಂದು ಒಂದೊಂದು ಖಾತಾ ಇದ್ದಂಗ ಇಲ್ಲಿ ಮೂರು ಫ್ಲೇವರಿಗೆ ಮೂರು ಖಾತಾ. ಮ್ಯೂಆನ್ ಖಾತಾದಾಗ ಮೊದಲ ಒಂದಿತ್ತು, ಒಡೆದ ಮ್ಯಾಲ ಮ್ಯೂಆನ್ ನ್ಯೂಟ್ರಿನೋ ಒಂದು, ಸರಿ ಹೋಯ್ತು. ಎಲೆಕ್ಟ್ರಾನ್ ಖಾತಾದಾಗ ಮೊದಲ ಸೊನ್ನಿ, ಆಮ್ಯಾಲ ಎಲೆಕ್ಟ್ರಾನ್ ಒಂದು ಜಮಾ, ಆಂಟಿನ್ಯೂಟ್ರಿನೋ ಒಂದು ಖರ್ಚು, ಮತ್ತ ಸೊನ್ನಿ. ನ್ಯೂಟ್ರಿನೋ ಅಂದ್ರ ಈ ವ್ಯವಹಾರದ ರಸೀದಿ. ರಸೀದಿ ಇಲ್ಲದ ಮ್ಯೂಆನ್ ಖಾತಾದಿಂದ ಎಲೆಕ್ಟ್ರಾನ್ ಖಾತಾಕ್ಕ ಒಂದು ಚೀಲ ದಾಟಿತಂದ್ರ ಅದೇ ಲೆಪ್ಟಾನ್ ಫ್ಲೇವರ್ ಉಲ್ಲಂಘನೆ. ಚಾರ್ಜ್ ಇರೋ ಲೆಪ್ಟಾನಿನಾಗ ಹಂಗ ಆಗಿದ್ದನ್ನ ಇಲ್ಲೀತನಕ ಯಾರೂ ಕಂಡಿಲ್ಲ.

ಕಾಕಾ ಸುಮ್ ಕುಂದ್ರತಾರೇನು. "ಕಂಡಿಲ್ಲ ಅಂದ್ರ ನಿಯಮ ಅದ ಅಂತಾಯ್ತು, ಮತ್ತ ಹುಡುಕೋದು ಯಾಕ" ಅಂದ್ರು. ಮಜಾ ಇರೋದೇ ಇಲ್ಲಿ. ಈ ಖಾತಾ ನಿಯಮಕ್ಕ ಗಟ್ಟಿ ಬುನಾದಿ ಇಲ್ಲ. ಚಾರ್ಜ್ ಉಳೀತದ ಅನ್ನೋದಕ್ಕ ಸಿದ್ಧಾಂತದ ಒಳಗೇ ಆಳವಾದ ಕಾರಣ ಅದ, ಆದ್ರ ಫ್ಲೇವರ್ ಉಳಿಯೋದು ಒಂಥರಾ ರೂಢಿ, ಹಿಂದಿನವರು ನಡಸ್ಕೊಂಡು ಬಂದಾರ ನಾವೂ ನಡಸ್ತೀವಿ ಅಂದಂಗ. ಅದರಾಗ ನ್ಯೂಟ್ರಿನೋಗಳು ಆಗಲೇ ಆ ರೂಢಿ ಮುರದಾವ. 1998ರಾಗ ಜಪಾನಿನ ಸೂಪರ್ ಕಾಮಿಯೊಕಾಂಡೆ, ಆಮ್ಯಾಲ ಕೆನಡಾದ ಸಡ್ಬರಿ ಪ್ರಯೋಗ, ಎರಡೂ ಸೇರಿ ನ್ಯೂಟ್ರಿನೋ ಹಾದಿಯೊಳಗೇ ಫ್ಲೇವರ್ ಬದಲಿಸ್ತದ ಅಂತ ತೋರಿಸಿದ್ವು, 2015ರಾಗ ಕಜಿತಾ ಮತ್ತ ಮೆಕ್‌ಡೊನಾಲ್ಡ್ ಅವರಿಗೆ ನೊಬೆಲ್ ಬಂತು.

ಅಂದಮ್ಯಾಲ ನ್ಯೂಟ್ರಿನೋ ಮುಖಾಂತರ ಮ್ಯೂಆನ್ ಸುದ್ದಾ ಎಲೆಕ್ಟ್ರಾನ್ ಆಗಬೇಕಲ್ಲ? ಆಗ್ತದ, ಲೆಕ್ಕದ ಪ್ರಕಾರ. ಆದ್ರ ಅದಕ್ಕ ನಡುವ ಡಬ್ಲ್ಯು ಅನ್ನೋ ಭಾರೀ ಕಣ ಬರಬೇಕು, ಅದರ ತೂಕ 80 ಗಿಗಾ ಎಲೆಕ್ಟ್ರಾನ್ ವೋಲ್ಟ್, ಅಂದ್ರ 8 ಸಾವಿರ ಕೋಟಿ ಎಲೆಕ್ಟ್ರಾನ್ ವೋಲ್ಟ್ (ಕಣದ ತೂಕ, ಶಕ್ತಿ ಎರಡನ್ನೂ ಇದೇ ಮಾಪಿನಾಗ ಅಳೀತಾರ). ನ್ಯೂಟ್ರಿನೋ ತೂಕ ಒಂದು ಎಲೆಕ್ಟ್ರಾನ್ ವೋಲ್ಟಿಗಿಂತ ಕಮ್ಮಿ. ಈ ಸಣ್ಣದನ್ನ ಆ ದೊಡ್ಡದರಿಂದ ಭಾಗಿಸಿ, ಬಂದಿದ್ದನ್ನ ನಾಕು ಸಲ ಬರೆದು ಒಂದಕ್ಕೊಂದು ಗುಣಿಸ್ರಿ. ಉತ್ತರ ದಶಮಾಂಶ ಚುಕ್ಕಿ ಆದ ಮ್ಯಾಲ ಐವತ್ತರ ಹತ್ತಿರ ಸೊನ್ನಿ ದಾಟಿ ಹೋಗ್ತದ. ಜಗತ್ತಿನ ಯಾವ ಯಂತ್ರಕ್ಕೂ ಅದು ಕಾಣಂಗಿಲ್ಲ.

ನನಗ ಈ ವಿಷಯ ಸೇರಿದ್ದು ಇದಕ್ಕೇ ನೋಡ್ರಿ. ಸಾಮಾನ್ಯ ಪ್ರಯೋಗದಾಗ ಗೊತ್ತಿರೋ ಹಳೇ ಭೌತಶಾಸ್ತ್ರದ ಲೆಕ್ಕ ಇಷ್ಟು ಬರ್ತದ, ಅದಕ್ಕಿಂತ ಚೂರು ಜಾಸ್ತಿ ಬಂತೇನು ಅಂತ ತೂಗಿ ತೂಗಿ ನೋಡಬೇಕು, ಸಿದ್ಧಾಂತದವರು ಪ್ರಯೋಗದವರು ವರ್ಷಗಟ್ಟಲೆ ಜಗಳಾಡ್ತಾರ. ಇಲ್ಲಿ ಆ ಜಗಳಾನೇ ಇಲ್ಲ. ಹಳೇ ಲೆಕ್ಕ ಪ್ರಕಾರ ಬರಬೇಕಾದ್ದು ಸೊನ್ನಿ. ಒಂದು ಖರೇ ಸಿಕ್ರೂ ಅದು ಹೊಸದೇ.

ಹಂಗಾದ್ರ ನ್ಯೂಕ್ಲಿಯಸ್ ಯಾಕ ಬೇಕು? ಒಂಟಿ ಮ್ಯೂಆನ್ ಖಾಲಿ ಜಾಗದಾಗ ಬರೇ ಒಂದು ಎಲೆಕ್ಟ್ರಾನ್ ಆಗ್ಲಿಕ್ಕೆ ಬರಂಗಿಲ್ಲ. ನಿಂತ ಮ್ಯೂಆನ್ ಹಗೂರ ಎಲೆಕ್ಟ್ರಾನ್ ಆಯ್ತಂದ್ರ ಉಳಿದ ಶಕ್ತಿ ವೇಗ ಆಗಬೇಕು, ಆದ್ರ ಒಂದೇ ಕಡಿ ಓಡಿದ್ರ ಆ ಕಡಿ ದೂಡಿದ್ದಕ್ಕ ಈ ಕಡಿ ಯಾರೋ ಹಿಂದ ಸರೀಬೇಕಲ್ಲ. ತಳ್ಳುಗಾಡಿ ಮ್ಯಾಲಿಂದ ಜಿಗಿದ್ರ ಗಾಡಿ ಹಿಂದ ಹೋಗ್ತದ, ನ್ಯೂಕ್ಲಿಯಸ್ ಇಲ್ಲಿ ಆ ಗಾಡಿ ಕೆಲಸ ಮಾಡ್ತದ. ಭಾಳ ಭಾರ ಇರೋದ್ರಿಂದ ಹಿಂದ ಸರಿಯೋ ಶಕ್ತಿ ಇಷ್ಟೇ ಇಷ್ಟು ತೊಗೋತದ, ಉಳಿದಿದ್ದೆಲ್ಲಾ ಎಲೆಕ್ಟ್ರಾನಿಗೆ. ಅಷ್ಟೇ ಅಲ್ಲ, ನ್ಯೂಕ್ಲಿಯಸ್ ಒಳಗ ಏನೂ ಒಡೀದ ಹೆಂಗಿತ್ತೋ ಹಂಗೇ ಉಳಿದ್ರ, ಒಳಗಿನ ಪ್ರೋಟಾನ್ ನ್ಯೂಟ್ರಾನ್ ಎಲ್ಲಾ ಒಟ್ಟಿಗೆ ಕೈ ಹಚ್ಚಿದಂಗ ಆಗಿ ಈ ಬದಲಾವಣೆ ಆಗೋ ಸಂಭವನೂ ಏರ್ತದ.

ನೆಗೆಟಿವ್ ಮ್ಯೂಆನ್ ಒಂದನ್ನ ಅಲ್ಯೂಮಿನಿಯಂ ಹಾಳಿಯೊಳಗ ನಿಲ್ಲಿಸಿದ್ರ ಅದು ಪರಮಾಣುವಿನೊಳಗ ಹೊಕ್ಕು ಎಕ್ಸ್-ರೇ ಬಿಟ್ಕೋತ ಮೆಟ್ಟಲ ಮೆಟ್ಟಲ ಇಳಿದು ಎಲ್ಲಕ್ಕಿಂತ ತೆಳಗಿನ ಕಕ್ಷೆಯಾಗ ಕುಂದ್ರತದ. 207 ಪಟ್ಟು ಭಾರ ಇದ್ದಿದ್ದಕ್ಕ ಅದರ ಕಕ್ಷೆ 207 ಪಟ್ಟು ಸಣ್ಣದು, ನ್ಯೂಕ್ಲಿಯಸ್ಸಿನ ಬಾಗಲಾಗೇ ಕುಂತಂಗ. ಬಂಗಾರದಾಗಂತೂ ಕಕ್ಷೆ ನ್ಯೂಕ್ಲಿಯಸ್ಸಿಗಿಂತ ಸಣ್ಣದಾಗಿ ಮ್ಯೂಆನ್ ಅದರ ಹೊಟ್ಟಿಯೊಳಗೇ ಭಾಳ ಹೊತ್ತು ಇರ್ತದ. ಕುಂತ ಮ್ಯಾಲ ಅದಕ್ಕ ಎರಡು ಹಾದಿ. ಅಲ್ಯೂಮಿನಿಯಂನಾಗ ನೂರಕ್ಕ 61 ಸಲ ನ್ಯೂಕ್ಲಿಯಸ್ ಮ್ಯೂಆನನ್ನ ನುಂಗ್ತದ, ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಮ್ಯೂಆನ್ ನ್ಯೂಟ್ರಿನೋ ಹೊರಗ ಬೀಳ್ತದ, ಖಾತಾ ಸರಿ. ಉಳಿದ 39 ಸಲ ಕುಂತಲ್ಲೇ ಮೊದಲ ಹೇಳಿದಂಗ ಒಡೀತದ. ನಮಗ ಬೇಕಾಗಿದ್ದು ಮೂರನೇ ಹಾದಿ, ನ್ಯೂಟ್ರಿನೋನೇ ಇಲ್ಲ, ಬರೇ ಒಂದು ಎಲೆಕ್ಟ್ರಾನ್, ಅದರ ಶಕ್ತಿ ಪ್ರತಿ ಸಲ ಅದೇ: 104.97 ಮೆಗಾ ಎಲೆಕ್ಟ್ರಾನ್ ವೋಲ್ಟ್. ಮ್ಯೂಆನ್ ತೂಕ 105.66, ಅದರಾಗ ಕಕ್ಷೆಯಾಗ ಕಟ್ಟಿಹಾಕಿದ ಶಕ್ತಿ 0.5ರ ಹತ್ತಿರ ಹೋಯ್ತು, ನ್ಯೂಕ್ಲಿಯಸ್ ಹಿಂದ ಸರಿದಿದ್ದಕ್ಕ 0.2 ಹೋಯ್ತು, ಉಳಿದಿದ್ದು ಇಷ್ಟು. ಈ ಹುಡುಕಾಟ ಪೂರಾ ನಿಂತಿರೋದು ಈ ಒಂದು ನಂಬರಿನ ಮ್ಯಾಲ.

ಹುಡುಕೋದು ಹೊಸದೇನಲ್ಲ. 1952ರಾಗ ಲಗಾರಿಗ್ ಮತ್ತ ಪೇರು ಕಾಸ್ಮಿಕ್ ಕಿರಣದ ಮ್ಯೂಆನ್ ಹಿಡಿದು ನೋಡಿದ್ರು, 1955ರಾಗ ಸ್ಟೈನ್‌ಬರ್ಗರ್ ಮತ್ತ ವೋಲ್ಫ್ ತಾಮ್ರದಾಗ ನೋಡಿ 2 ಸಾವಿರದಾಗ ಒಂದಕ್ಕಿಂತ ಕಮ್ಮಿ ಅಂದ್ರು. ಇದೇ ಸ್ಟೈನ್‌ಬರ್ಗರ್ 1962ರಾಗ ಲೆಡರ್‌ಮನ್, ಶ್ವಾರ್ಟ್ಜ್ ಜೋಡಿ ಸೇರಿ ನ್ಯೂಟ್ರಿನೋ ಎರಡು ನಮೂನಿ ಅದಾವ ಅಂತ ತೋರಿಸಿದ್ದು, ಅಂದ್ರ ಖಾತಾ ಬ್ಯಾರೆ ಬ್ಯಾರೆ ಅಂತ ಮೊದಲ ಗೊತ್ತಾಗಿದ್ದೇ ಅವಾಗ. ಇವತ್ತಿಗೂ ಮುರೀದ ದಾಖಲೆ ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯೊಳಗಿನ ಸಿಂಡ್ರಮ್-2 ಪ್ರಯೋಗದ್ದು. ಬಂಗಾರ ಇಟ್ಟು ನೋಡಿ, 2006ರಾಗ ಛಾಪಿಸಿದ್ರು: ನ್ಯೂಕ್ಲಿಯಸ್ ನುಂಗಿದ ಪ್ರತಿ 1.4 ಲಕ್ಷ ಕೋಟಿ ಮ್ಯೂಆನಿಗೆ ಒಂದಕ್ಕಿಂತ ಕಮ್ಮಿ.

ಈಗಿನ ದೊಡ್ಡ ಪ್ರಯೋಗ ಎರಡು. ಅಮೆರಿಕಾದ ಶಿಕಾಗೋ ಹತ್ತಿರ ಫರ್ಮಿಲ್ಯಾಬಿನಾಗ ಮ್ಯೂ-ಟು-ಇ, ಜಪಾನಿನ ತೋಕಾಯ್ ಊರಾಗ ಜೆ-ಪಾರ್ಕ್ ಒಳಗ ಕಾಮೆಟ್. ಸಿಂಡ್ರಮ್‌ಗಿಂತ 10 ಸಾವಿರ ಪಟ್ಟು ಒಳಗ ಹೋಗಿ ನೋಡೋದು ಇವುಗಳ ಗುರಿ, ಅಂದ್ರ 3ರ ಮುಂದ 16 ಸೊನ್ನಿ ಹಾಕಿದಷ್ಟು ಮ್ಯೂಆನಿನಾಗ ಒಂದು ಹಿಂಗ ಮಾಡಿದ್ರೂ ಹಿಡೀಬೇಕು.

ಕಾಕಾ ಇಲ್ಲಿ ಕ್ಯಾಲ್ಕುಲೇಟರ್ ತೆಗೆದ್ರು. ತೊಗರಿ ಒಂದು ಕಾಳು ಸುಮಾರು 0.1 ಗ್ರಾಂ. 1.4 ಲಕ್ಷ ಕೋಟಿ ಕಾಳಂದ್ರ 1.4 ಲಕ್ಷ ಟನ್, ಹತ್ತು ಟನ್ನಿನ ಲಾರಿ 14 ಸಾವಿರ. ಅದರಾಗ ಒಂದು ಹಳ್ಳು ಹುಡುಕಿದಂಗ ಸಿಂಡ್ರಮ್ ಮಾಡಿದ್ದು. ಹೊಸಾ ಪ್ರಯೋಗಕ್ಕ ಅದೇ ಲೆಕ್ಕ ಹಾಕಿದ್ರ 300 ಕೋಟಿ ಟನ್ ಬಂತು. ಇಡೀ ದೇಶದಾಗ ವರ್ಷಕ್ಕ ತೊಗರಿ ಬೆಳಿಯೋದು ಹೆಚ್ಚೂಕಮ್ಮಿ 35-40 ಲಕ್ಷ ಟನ್, ಹಂಗಂದ್ರ 800 ವರ್ಷದ ಸುಗ್ಗಿ, ಬಹಮನಿ ಸುಲ್ತಾನರು 1347ರಾಗ ಕಲಬುರಗಿನ ರಾಜಧಾನಿ ಮಾಡೋಕಿಂತ ಮುಂಚಿನಿಂದ ಇವತ್ತಿನ ತನಕ ಬೆಳದಿದ್ದಂಗ ಎಲ್ಲಾ ಒಂದೇ ರಾಶಿ ಹಾಕಿ, ಅದರಾಗ ಒಂದೇ ಒಂದು ಹಳ್ಳು. "ಇದು ಆಗೋ ಮಾತೇನು" ಅಂದ್ರು. ಹೆಂಗ ಆಗ್ತದ ಅನ್ನೋದೇ ನನಗ ಎಲ್ಲಕ್ಕಿಂತ ಛಲೋ ಅನಿಸಿದ್ದು, ಹಿಂಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ.

ಮೊದಲ ಮ್ಯೂಆನ್ ರಾಶಿ ಬೇಕಲ್ಲ. 8 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನ್ ತಂದು ಟಂಗ್‌ಸ್ಟನ್ ತುಂಡಿಗೆ ಹೊಡೀತಾರ, ಪಯಾನ್ ಅನ್ನೋ ಅಲ್ಪಾಯುಷಿ ಕಣ ಹುಟ್ತಾವ, ಪಯಾನ್ ಒಡೆದು ಮ್ಯೂಆನ್ ಆಗ್ತಾವ. ಚಾಲಾಕಿ ಏನಂದ್ರ ಪ್ರೋಟಾನ್ ಹೊಂಟ ದಿಕ್ಕಿನಾಗ ಅಲ್ಲ, ಹಿಂದಕ ಸಿಡಿದು ಬಂದಿದ್ದನ್ನ ಹಿಡೀತಾರ, ಯಾಕಂದ್ರ ಮುಂದ ಹೋಗೋವು ಭಾಳ ಜೋರ ಇರ್ತಾವ, ನಮಗ ಬೇಕಾಗಿದ್ದು ತೆಳ್ಳನ ಹಾಳಿಯಾಗ ನಿಲ್ಲೋ ಮೆತ್ತನ ಮ್ಯೂಆನ್. ಸುತ್ತ ಸೂಪರ್‌ಕಂಡಕ್ಟರ್ ಸುರುಳಿ ಹಚ್ಚಿ ಬಲವಾದ ಅಯಸ್ಕಾಂತ ಕ್ಷೇತ್ರ ಇಟ್ಟಿರ್ತಾರ, ಅದು ಆ ಕಣಗಳನ್ನ ಸುರುಳಿ ಸುತ್ತಿಸಿ ಹಿಂದಕ ದಬ್ತದ. ಈ ಐಡಿಯಾ 1980ರ ದಶಕದ ಕೊನೀಗೆ ಸೋವಿಯತ್ ವಿಜ್ಞಾನಿಗಳಾದ ಲೊಬಾಶೆವ್ ಮತ್ತ ಜಿಲ್ಕಿಬಾಯೆವ್ ಅವರದು. ಆಮ್ಯಾಲ ಅಮೆರಿಕಾದಾಗ ಮೆಕೋ ಅಂತ ಪ್ರಯೋಗ ಮಾಡ್ಲಿಕ್ಕೆ ಹೊಂಟ್ರು, 2005ರಾಗ ಅದನ್ನ ರದ್ದು ಮಾಡಿಬಿಟ್ರು. ಈಗಿನ ಎರಡೂ ಪ್ರಯೋಗ ಅದೇ ಬೀಜದ ಬೆಳಿ.

ಅಲ್ಲಿಂದ ಮ್ಯೂಆನ್ ಹೋಗೋ ಕೊಳವಿ ಸೀದಾ ಇಲ್ಲ. ಫರ್ಮಿಲ್ಯಾಬಿಂದು ಇಂಗ್ಲಿಷ್ ಎಸ್ ಅಕ್ಷರದಂಗ ಅಂಕುಡೊಂಕು, ಜಪಾನಿಂದು ಸಿ ಅಕ್ಷರದಂಗ. ಹಳೇ ಕೋಟಿ ಬಾಗಿಲಿನ ಹಾದಿ ಹೆಂಗ ತಿರುವಿ ಕಟ್ಟತಿದ್ರು, ಆನಿ ಓಡಿ ಬಂದು ಸೀದಾ ಗುದ್ದಬಾರ್ದಂತ, ಹಂಗೇ. ಚಾರ್ಜ್ ಇಲ್ಲದ ನ್ಯೂಟ್ರಾನ್, ಗಾಮಾ ಕಿರಣ ಅಯಸ್ಕಾಂತದ ಮಾತು ಕೇಳಂಗಿಲ್ಲ, ಸೀದಾ ಹೋಗಿ ಗ್ವಾಡಿಗೆ ಬಡೀತಾವ. ಚಾರ್ಜ್ ಇರೋವು ತಿರುವಿನಾಗ ಪಾಸಿಟಿವ್ ಒಂದು ಕಡಿ, ನೆಗೆಟಿವ್ ಒಂದು ಕಡಿ ಜರೀತಾವ, ನಡುವ ಒಂದು ಕಿಂಡಿ ಇಟ್ರ ಬೇಕಾದವನ್ನ ಮಾತ್ರ ಬಿಡ್ಲಿಕ್ಕೆ ಬರ್ತದ.

ಇಷ್ಟಾದ್ರೂ ಒಂದಿಷ್ಟು ಪಯಾನ್ ನುಸುಳಿ ಅಲ್ಯೂಮಿನಿಯಂ ತನಕ ಬರ್ತಾವ, ಅವು ಭಾಳ ಕೆಟ್ಟವು. ನ್ಯೂಕ್ಲಿಯಸ್ ಪಯಾನ್ ನುಂಗಿದ್ರ ಜೋರ ಗಾಮಾ ಬರಬಹುದು, ಅದರಿಂದ ಹುಟ್ಟಿದ ಎಲೆಕ್ಟ್ರಾನ್ 105ರ ಹತ್ತಿರ ಬಿದ್ರ ನಮ್ಮ ಹಳ್ಳಿನ ವೇಷಾನೇ ಹಾಕ್ತದ. ಇದಕ್ಕ ಉಪಾಯ ಏನಂದ್ರ, ಕಾಯೋದು. ಜಾತ್ರ್ಯಾಗ ತೇರು ಹೋದ ಕೂಡ್ಲೇ ಕಳದ ಕಿವಿಯೋಲೆ ಹುಡುಕಿದ್ರ ಸಿಗ್ತದೇನು, ಧೂಳ ಇಳೀಬೇಕು, ಮಂದಿ ಸರೀಬೇಕು. ಪಯಾನ್ ಆಯುಷ್ಯ 26 ನ್ಯಾನೋಸೆಕೆಂಡ್ (ಮೈಕ್ರೋಸೆಕೆಂಡಿನ ಸಾವಿರದಾಗ ಒಂದು ಪಾಲು ಅಂದ್ರ ನ್ಯಾನೋಸೆಕೆಂಡ್). ಅಲ್ಯೂಮಿನಿಯಂನಾಗ ಕುಂತ ಮ್ಯೂಆನ್ ಆಯುಷ್ಯ 864 ನ್ಯಾನೋಸೆಕೆಂಡ್. ಹಿಂಗಾಗಿ ಪ್ರೋಟಾನನ್ನ ಒಂದೇ ಧಾರಿ ಬಿಡದ ಗುಂಪು ಗುಂಪಾಗಿ ಬಿಡ್ತಾರ, ಒಂದು ಗುಂಪಿನಿಂದ ಇನ್ನೊಂದಕ್ಕ 1695 ನ್ಯಾನೋಸೆಕೆಂಡ್ ಅಂತರ. ಗುಂಪು ಬಡಿದ ಮ್ಯಾಲ ಸುಮಾರು 700 ನ್ಯಾನೋಸೆಕೆಂಡ್ ಕಣ್ಣು ಮುಚ್ಕೊಂಡು ಕುಂತು ಆಮ್ಯಾಲ ನೋಡ್ಲಿಕ್ಕೆ ಶುರು. ಅಷ್ಟೊತ್ತಿಗೆ ಪಯಾನ್ ಎಲ್ಲಾ ಸತ್ತಿರ್ತಾವ, ಮ್ಯೂಆನ್ ಇನ್ನೂ ಭಾಳ ಉಳಿದಿರ್ತಾವ. ಎರಡು ಗುಂಪಿನ ನಡುವ ಕಳ್ಳ ಪ್ರೋಟಾನ್ ಬರಬಾರ್ದು, ಸಾವಿರ ಕೋಟಿಗೆ ಒಂದಕ್ಕಿಂತ ಕಮ್ಮಿ ಇರಬೇಕಂತ ಷರತ್ತು. ಇಲ್ಲಿ ಕಾಕಾ "ಹಿಂದಿನವರು ಬಂಗಾರ ಇಟ್ರು, ಇವರು ಅಲ್ಯೂಮಿನಿಯಂ ಇಟ್ರು, ರೊಕ್ಕ ಸಾಲ್ಲಿಲ್ಲೇನು" ಅಂತ ನಕ್ಕರು. ರೊಕ್ಕದ ಮಾತಲ್ಲ. ಬಂಗಾರದಾಗ ಮ್ಯೂಆನ್ ಎಪ್ಪತ್ತು ಚಿಲ್ಲರೆ ನ್ಯಾನೋಸೆಕೆಂಡಿಗೇ ಖಲ್ಲಾಸ್, ನೀವು 700 ಕಾದು ಕಣ್ಣು ತೆರೆಯೋದ್ರಾಗ ನೋಡ್ಲಿಕ್ಕೆ ಏನೂ ಇರಂಗಿಲ್ಲ.

ಇನ್ನೊಂದು ವೈರಿ ಅದ, ಇದನ್ನ ಕಾಯ್ದು ಓಡಿಸ್ಲಿಕ್ಕೆ ಬರಂಗಿಲ್ಲ. ಕಕ್ಷೆಯಾಗ ಕುಂತಲ್ಲೇ ಸಾದಾ ರೀತಿ ಒಡೆಯೋ ಮ್ಯೂಆನ್. ಹೊರಗ ಒಂಟಿ ಮ್ಯೂಆನ್ ಒಡೆದ್ರ ಎಲೆಕ್ಟ್ರಾನಿಗೆ ಜಾಸ್ತಿ ಅಂದ್ರ 52.8 ಸಿಗ್ತದ, ಅರ್ಧ, ಯಾಕಂದ್ರ ಉಳಿದರ್ಧ ಎದುರು ದಿಕ್ಕಿಗೆ ಓಡೋ ನ್ಯೂಟ್ರಿನೋಗಳಿಗೆ ಹೋಗ್ತದ. ಆದ್ರ ನ್ಯೂಕ್ಲಿಯಸ್ ಬಾಜೂಕ ಇದ್ರ ಅದು ಹಿಂದ ಸರಿದು ತೂಕ ಸರಿದೂಗಿಸ್ತದಲ್ಲ, ಹಿಂಗಾಗಿ ಎಲ್ಲೋ ಒಮ್ಮೊಮ್ಮೆ ನ್ಯೂಟ್ರಿನೋ ಎರಡೂ ಏನೂ ತೊಗೊಳ್ಳದ ಎಲ್ಲಾ ಎಲೆಕ್ಟ್ರಾನಿಗೇ ಬಿಟ್ಟುಬಿಡ್ತಾವ, ಆಗ ಅದರ ಶಕ್ತಿ ಏರ್ತ ಏರ್ತ 104.97ರ ತನಕ ಬರ್ತದ. ಅದೇ ನಂಬರ್! ರಸೀದಿ ಅದ, ಆದ್ರ ಅದರ ಮ್ಯಾಲ ಮೊತ್ತ ಸೊನ್ನಿ. ಪುಣ್ಯಕ್ಕ ಆ ತುದಿ ಹತ್ತಿರ ಬಂದಂಗ ಇವುಗಳ ಸಂಖ್ಯೆ ಭಾಳ ಜಲ್ದಿ ಇಳೀತದ, ತುದಿಯಿಂದ ಇರೋ ದೂರ ಅರ್ಧ ಆದ್ರ ಸಂಖ್ಯೆ 32ರಾಗ ಒಂದು ಪಾಲಿಗೆ ಬರ್ತದ. ಹಂಗಾಗಿ ಶಕ್ತಿನ ಬಾರೀಕ ಅಳೀಬೇಕು, ಅಳತಿ ದಡ್ಡ ಆದ್ರ ಈ ಬಾಲ ಬಂದು ನಮ್ಮ ನಂಬರಿನ ಮ್ಯಾಲ ಬೀಳ್ತದ.

ಅಳೆಯೋ ಸಾಧನ ನೋಡಿದ್ರ ದಾಲ್ ಮಿಲ್ಲಿನ ಸಾಣಿಗೀನೇ. ಅಯಸ್ಕಾಂತ ಕ್ಷೇತ್ರದಾಗ ಎಲೆಕ್ಟ್ರಾನ್ ಸುರುಳಿ ಸುತ್ಕೋತ ಹೋಗ್ತದ, ಶಕ್ತಿ ಕಮ್ಮಿ ಇದ್ರ ಸುರುಳಿ ಸಣ್ಣದು, ಜಾಸ್ತಿ ಇದ್ರ ದೊಡ್ಡದು. ಮ್ಯೂ-ಟು-ಇ ಟ್ರ್ಯಾಕರನ್ನ ಬಳಿಯಂಗ ಮಾಡ್ಯಾರ, ನಡುವ ದೊಡ್ಡ ತೂತು. ಬ್ಯಾಡಾದ ಕೋಟಿ ಕೋಟಿ ಸಣ್ಣ ಎಲೆಕ್ಟ್ರಾನ್ ಆ ತೂತಿನಾಗೇ ಪಾರಾಗಿ ಹೋಗ್ತಾವ, ಯಂತ್ರಕ್ಕ ಗೊತ್ತೂ ಆಗಂಗಿಲ್ಲ. ದೊಡ್ಡ ಸುರುಳಿಯವು ಮಾತ್ರ ಬಳಿಗೆ ಮುಟ್ತಾವ. ಬಳಿಯೊಳಗ 20 ಸಾವಿರದಷ್ಟು ಕೊಳವಿ ಅದಾವ, ಜ್ಯೂಸ್ ಕುಡಿಯೋ ಸ್ಟ್ರಾದಂಗ 5 ಮಿಲಿಮೀಟರ್ ದಪ್ಪ, ಒಳಗ ಗ್ಯಾಸ್, ನಡುವ ಒಂದು ಎಳಿ ತಂತಿ. ಕೊಳವಿ ಗ್ವಾಡಿ 15 ಮೈಕ್ರಾನ್, ಕೂದಲಿಗಿಂತ ಎಷ್ಟೋ ತೆಳ್ಳಗ, ಯಾಕಂದ್ರ ದಪ್ಪ ಇದ್ರ ಎಲೆಕ್ಟ್ರಾನ್ ಅದನ್ನ ದಾಟೋದ್ರಾಗ ಶಕ್ತಿ ಕಳಕೊಂಡು ನಂಬರ್ ಕೆಡ್ತದ. ಇದರ ಹಿಂದ ಸೀಸಿಯಂ ಅಯೊಡೈಡ್ ಹರಳಿನ ಸಾಧನ ಬ್ಯಾರೆ ಅದ, ಬಂದಿದ್ದು ಖರೇ ಎಲೆಕ್ಟ್ರಾನೇ ಹೌದೋ ಅಂತ ಎರಡನೇ ಸಾಕ್ಷಿ ಹೇಳ್ಲಿಕ್ಕೆ.

ಕೊನೇ ವೈರಿ ಮ್ಯಾಲಿಂದ ಬೀಳ್ತದ, ಅದೂ ಮ್ಯೂಆನೇ! ನಾವು ಬ್ಯಾಸಗಿಯಾಗ ಮಾಳಗಿ ಮ್ಯಾಲ ಮಲಗಿದ್ರ ಅಂಗೈ ಮ್ಯಾಲ ಸೆಕೆಂಡಿಗೆ ಒಂದರಂಗ ಕಾಸ್ಮಿಕ್ ಮ್ಯೂಆನ್ ಹಾದು ಹೋಗ್ತಿರ್ತಾವ. ಇವನ್ನ ತಪ್ಪಿಸ್ಕೊಳ್ಳೋ ಸಲುವಾಗೇ ನಮ್ಮ ಕೋಲಾರದ ಚಿನ್ನದ ಗಣಿಯಾಗ ಎರಡು ಕಿಲೋಮೀಟರಿಗಿಂತ ತೆಳಗ ಹೋಗಿ ಯಂತ್ರ ಇಟ್ಟಿದ್ರು, 1965ರಾಗ ವಾತಾವರಣದಾಗ ಹುಟ್ಟಿದ ನ್ಯೂಟ್ರಿನೋ ಜಗತ್ತಿನಾಗ ಮೊದಲ ಸಲ ಕಂಡ ಜಾಗಗಳೊಳಗ ಅದೂ ಒಂದು, ಇದನ್ನ ಕೇಳಿ ಕಾಕಾ ಸುದ್ದಾ ಒಂದು ಕ್ಷಣ ಸುಮ್ಮನಾದ್ರು. ಆದ್ರ ಇಷ್ಟು ದೊಡ್ಡ ಪ್ರೋಟಾನ್ ಯಂತ್ರ ಗಣಿಯೊಳಗ ಒಯ್ಯಲಿಕ್ಕೆ ಬರಂಗಿಲ್ಲ. ಒಂದು ಕಾಸ್ಮಿಕ್ ಮ್ಯೂಆನ್ ಎಲ್ಲಾದ್ರೂ ಬಡಿದು 105ರ ಎಲೆಕ್ಟ್ರಾನ್ ಎಬ್ಬಿಸೋದು ದಿನಕ್ಕೊಂದು ಸಲ ಆಗ್ತದಂತ ಲೆಕ್ಕ. ನಾವು ವರ್ಷಗಟ್ಟಲೆ ಕಾಯೋದು ಒಂದಕ್ಕ, ಸುಳ್ಳದ್ದು ದಿನಾ ಒಂದು! ಅದಕ್ಕ ಡಿಟೆಕ್ಟರ್ ಸುತ್ತ ಹೊಳೆಯೋ ಪ್ಲಾಸ್ಟಿಕ್ ಪಟ್ಟಿ ನಾಕು ಪದರ ಹೊದಿಸ್ತಾರ, ಹೊರಗಿಂದ ಏನರ ಹೊಕ್ಕಿದ್ದು ಕಂಡ್ರ ಆ ಹೊತ್ತಿನ ಎಣಿಕಿ ಬಿಟ್ಟುಬಿಡ್ತಾರ.

ಸಿಕ್ರ ಏನು ಸಿಕ್ಕಂಗ? ಮ್ಯೂಆನಿನ ಖಾತಾದಿಂದ ಎಲೆಕ್ಟ್ರಾನ್ ಖಾತಾಕ್ಕ ಚೀಲ ದಾಟಿಸೋ ಒಬ್ಬ ನಡುವಿನವ ಇದ್ದಾನ ಅಂತ. ಅವ ಸೂಪರ್‌ಸಿಮೆಟ್ರಿ ಕಣ ಇರಬಹುದು, ಲೆಪ್ಟೋಕ್ವಾರ್ಕ್ ಅನ್ನೋದಿರಬಹುದು, ಭಾರೀ ನ್ಯೂಟ್ರಿನೋ ಇರಬಹುದು, ಇವೆಲ್ಲಾ ಸಿದ್ಧಾಂತದವರು ಊಹಿಸಿದ, ಇನ್ನೂ ಯಾರೂ ಕಾಣದ ಕಣ. ನಡುವಿನವ ಎಷ್ಟು ಭಾರ ಇದ್ರ ವ್ಯವಹಾರ ಅಷ್ಟು ಅಪರೂಪ, ಹಂಗಾಗಿ ಇಷ್ಟು ಅಪರೂಪದ್ದನ್ನ ಹುಡುಕೋದಂದ್ರ ಅಷ್ಟು ಭಾರದವನನ್ನ ಹುಡುಕಿದಂಗೇ. ಕೆಲವು ಮಾದರಿಯಾಗ ಇದು 10 ಸಾವಿರ ಟೆರಾ ಎಲೆಕ್ಟ್ರಾನ್ ವೋಲ್ಟ್ ತನಕ ಹೋಗ್ತದ, ಜಿನೀವಾದ ಎಲ್‌ಎಚ್‌ಸಿ ಅನ್ನೋ ದೊಡ್ಡ ಯಂತ್ರ ಪ್ರೋಟಾನ್ ಡಿಕ್ಕಿ ಹೊಡೆಸೋದು 13.6ಕ್ಕ. ನೇರ ಹಿಡೀಲಿಕ್ಕೆ ಆಗದವನನ್ನ ಅವನ ಹೆಜ್ಜಿ ನೋಡಿ ಹಿಡಿಯೋದು ಇದು.

ಇದೇ ಕಳ್ಳನ ಬೆನ್ನು ಹತ್ತಿದ ಬ್ಯಾರೆ ಪ್ರಯೋಗನೂ ಅದಾವ. ಪೌಲ್ ಶೆರರ್ ಸಂಸ್ಥೆಯೊಳಗ ಮೆಗ್-2, ಅದು ಮ್ಯೂಆನಿನ ಪಾಸಿಟಿವ್ ಜೋಡಿ ಒಡೆದು ಪಾಸಿಟ್ರಾನ್ (ಎಲೆಕ್ಟ್ರಾನಿನ ಪಾಸಿಟಿವ್ ಜೋಡಿ) ಮತ್ತ ಗಾಮಾ ಎರಡೇ ಬರ್ತಾವೇನು ಅಂತ ನೋಡ್ತದ, ಅದಕ್ಕೂ ಇನ್ನೂ ಸಿಕ್ಕಿಲ್ಲ. ಅವರ ತ್ರಾಸು ಬ್ಯಾರೆ. ಎರಡು ಕಣ ಒಂದೇ ಹೊತ್ತಿಗೆ ಬಂದ್ವು ಅಂತ ತೋರಿಸಬೇಕು, ಮ್ಯೂಆನ್ ಜಾಸ್ತಿ ಸುರಿದಂಗ ಬ್ಯಾರೆ ಬ್ಯಾರೆ ಕಡಿಯಿಂದ ಬಂದ ಎರಡು ಅಕಸ್ಮಾತ್ ಜೋಡಿ ಆಗಿ ಮೋಸ ಮಾಡ್ತಾವ. ನ್ಯೂಕ್ಲಿಯಸ್ ಪ್ರಯೋಗದಾಗ ಕಣ ಒಂದೇ, ಜೋಡಿ ಹುಡುಕೋ ಗೋಜಿಲ್ಲ, ಎಷ್ಟು ಬೇಕಷ್ಟು ಸುರೀಬಹುದು. ಎರಡೂ ಕಡಿ ಸಿಕ್ರ ಇನ್ನೂ ಮಜಾ: ನಡುವಿನವ ಗಾಮಾ ಮುಖಾಂತರನೇ ಕೆಲಸ ಮಾಡವ ಇದ್ರ ಅಲ್ಯೂಮಿನಿಯಂನಾಗ ಸಿಗೋ ಪ್ರಮಾಣ ಮೆಗ್ ಪ್ರಮಾಣದ 400ರಾಗ ಒಂದು ಪಾಲಿನ ಹತ್ತಿರ ಬರಬೇಕು. ಹಂಗ ಬರಲಿಲ್ಲಂದ್ರ ಅವ ಸೀದಾ ಕ್ವಾರ್ಕ್ ಜೋಡಿ ಲೇವಾದೇವಿ ಇಟ್ಕೊಂಡವ.

ಕಾಕಾ ಎಲ್ಲಾ ಕೇಳಿ ಆಕಳಿಸಿ ಇನ್ನೊಂದು ಕೇಳಿದ್ರು. "ಅಲ್ಯೂಮಿನಿಯಂನಾಗ ಒಂದು ಸಿಕ್ತು ಅನ್ಕೋ, ಮುಂದ?"

ಒಂದೇ ಸಿಕ್ರ ಯಾರೂ ನಂಬಂಗಿಲ್ರಿ ಕಾಕಾ, ನಾಕೈದು ಬೇಕು ಅಂದೆ. ಸಿಕ್ಕ ಮ್ಯಾಲ ಹಾಳಿ ಬದಲಿ ಮಾಡಿ ಮತ್ತ ನೋಡಬೇಕು, ಟೈಟಾನಿಯಂ ಇಟ್ಟು, ಆಮ್ಯಾಲ ಬಂಗಾರದಂಥ ಭಾರದ್ದು ಇಟ್ಟು. ನಡುವಿನವ ಯಾವ ನಮೂನಿಯವ ಅನ್ನೋದರ ಮ್ಯಾಲ ಹಗೂರ ನ್ಯೂಕ್ಲಿಯಸ್ಸಿನಾಗ ಎಷ್ಟು, ಭಾರದ್ದರಾಗ ಎಷ್ಟು ಅನ್ನೋ ಪ್ರಮಾಣ ಬದಲಾಗ್ತದ. ಟೈಟಾನಿಯಂನಾಗ ಮ್ಯೂಆನ್ 330 ನ್ಯಾನೋಸೆಕೆಂಡ್ ಹತ್ತಿರ ಬದುಕ್ತದ, ಹೆಂಗೋ ಸುಧಾರಿಸಬಹುದು. ಬಂಗಾರಕ್ಕ ಮಾತ್ರ 700 ನ್ಯಾನೋಸೆಕೆಂಡ್ ಕಾಯೋ ಈ ಯಂತ್ರ ನಡಿಯಂಗಿಲ್ಲ, ಅದಕ್ಕ ಪಯಾನ್ ಎಲ್ಲಾ ಸಾಯೋ ತನಕ ಮ್ಯೂಆನನ್ನ ಒಂದು ಉಂಗುರದಾಗ ಗರಗರ ಸುತ್ತಿಸಿ, ಆಮ್ಯಾಲ ಹಾಳಿ ಮ್ಯಾಲ ಬಿಡೋ ಬ್ಯಾರೆ ಯಂತ್ರಾನೇ ಕಟ್ಟಬೇಕು.